ತಳವಾರ ಓಬಳಯ್ಯ ಸಾರಿದ ತಿಥಿ

ಚನ್ನರಾಯನದುರ್ಗದ ಬುಡದ ಹಳ್ಳಿಯಲ್ಲಿ ಡಂಗುರ ಸಾರುವ ತಳವಾರ ಓಬಳಯ್ಯನಿಗೆ ಜ್ಯೇಷ್ಠದ ದಶಮಿಯೆಂದರೆ ಪ್ರಾಣ. ಊರ ಬಾವಿಯಲ್ಲಿ ಸಿಹಿನೀರು ಬಂದದ್ದು ಆ ದಿನ, ಬೆಟ್ಟದ ಚಿರತೆ ಬೋನಿಗೆ ಬಿದ್ದದ್ದು ಆ ದಿನ, ಅವನಪ್ಪನಿಗೆ ತಳವಾರಿಕೆ ಸಿಕ್ಕಿದ್ದು ಆ ದಿನ, ನರಸಿಂಹಮ್ಮ ಅವನ ಕೈಹಿಡಿದದ್ದೂ ಆ ದಿನವೇ. ಕೊನೆಯದೂ ಒಳ್ಳೆಯದೇನಾ ಎಂದು ಯಾರಾದರೂ ಕೆಣಕಿದರೆ ನರಸಿಂಹಮ್ಮ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು. ಮಗಳು ಓಬಕ್ಕನ ಮದುವೆಯನ್ನೂ ಅವನು ಹಟ ಹಿಡಿದು ಅದೇ ದಶಮಿಗೆ ಇಟ್ಟುಕೊಂಡ. ಬಂದ ಸಂಬಂಧಗಳೆಲ್ಲ ಮುರಿದ ಮೇಲೆ ಕೂಡಿಬಂದ ಗಂಡು ಇದು. ಇದೂ ತಪ್ಪಿದರೆ ಗತಿಯೇನು ಎಂಬ ದಿಗಿಲು ಒಳಗೊಳಗೇ ಇತ್ತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಪಟೇಲ ತಿಮ್ಮರಾಯಪ್ಪ ಕರೆಸಿದ.

"ನಾಳೆ ಮಹಾರಾಜ್ರ ವರ್ಧಂತಿ ಕಣ್ಲಾ. ಹುಟ್ಟಿದ ತಾರೀಕಲ್ಲ, ತಿಥಿ ಪ್ರಕಾರ ಮಾಡ್ಬೇಕು ಅಂತ ಅಮಲ್ದಾರ್ರು ಏಳವ್ರೆ. ತೋರಣ ಕಟ್ಲಿ, ಸಿಹಿ ಮಾಡ್ಲಿ ಅಂತ ಸಾರ್ಬುಡು."

ಮಹಾರಾಜರೂ ತನ್ನ ದಶಮಿಯಂದೇ ಹುಟ್ಟಿದ್ದಾರೆ! ಓಬಳಯ್ಯ ಹಿಗ್ಗಿ ಹೀರೇಕಾಯಾದ. ಆ ಹಿಗ್ಗಿನಲ್ಲಿ ವರ್ಧಂತಿಯೆಂಬ ಮಾತು ಬೀದಿ ದಾಟುವುದರೊಳಗೆ ನಾಲಿಗೆಯಿಂದ ಜಾರಿತು. ಉಳಿದದ್ದು ತಿಥಿ. ಊರಿನಲ್ಲಿ ತಿಥಿಯೆಂದರೆ ಸತ್ತವರಿಗೆ ಎಡೆ ಇಡುವುದು ಅಂತ ಮದುವೆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

"ಕೇಳ್ರಪ್ಪೋ ಕೇಳ್ರಿ! ನಾಳೆ ನಮ್ಮ ಮಹಾರಾಜ್ರ ತಿಥಿ! ಎಲ್ರೂ ಸಿಹಿ ಮಾಡಿ!"

ಮುದುಕಿ ಮುನಿಯಮ್ಮ ಎದೆ ಬಡಿದುಕೊಂಡಳು. "ಅಯ್ಯೋ ನನ್ ದೊರೆಯೇ, ಯಾವಾಗ ಓದ್ಯಪ್ಪಾ!" ಗಂಡ ಹೋದಾಗಲೂ ಅವಳು ಅಷ್ಟು ಅತ್ತಿರಲಿಲ್ಲ. ಅದು ದಿನನಿತ್ಯದ ಸೊಸೆ ಜಗಳವೆಂದುಕೊಂಡು ಓಬಳಯ್ಯ ಮುಂದಕ್ಕೆ ಹೋದ. ಊರ ಹೊರಗಿನ ಹುಣಿಸೆ ತೋಪಿನಲ್ಲಿ ತೆಲುಗು ಗಡಿಯ ವೈ.ಎನ್.ಹೊಸಕೋಟೆಯಿಂದ ಬಂದ ಗಂಡಿನ ದಿಬ್ಬಣ ಇಳಿದಿತ್ತು. ಬೀಗರಿಗೆ ತನ್ನ ಗತ್ತು ತಿಳಿಯಲೆಂದು ಅಲ್ಲಿ ಇನ್ನೂ ಜೋರಾಗಿ ಸಾರಿದ.

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಗಾಡಿಗೆ ಎತ್ತು ಹೂಡುತ್ತಿದ್ದಾರೆ. ಬೀಗ ಕದರಪ್ಪ, ಮದುಮಗ ಕಾಟಪ್ಪ ಇಬ್ಬರ ಮೀಸೆಯೂ ಇಲ್ಲ. ಊರಿನ ಕ್ಷೌರದ ಗಂಗಹನುಮಯ್ಯ ಕತ್ತಿ ಒರೆಸುತ್ತಾ ನಿಂತಿದ್ದ.

"ಬೀಗ್ರೇ, ಮೀಸೆ?"

"ದೇವುಡಾ! ದೊರೆನೇ ಓದ್ಮ್ಯಾಲೆ ಮೀಸೆ ಎಂದುಕಯ್ಯಾ?" ಕದರಪ್ಪನ ಕಣ್ಣು ಒದ್ದೆಯಾಗಿತ್ತು. "ಇಂತಾ ಸೂತಕದಾಗೆ ಲಗ್ನ ಆಗಾಕಿಲ್ಲ. ಮುಂದಿನ ವರ್ಸ ನೋಡಾನ."

"ಸತ್ತಿಲ್ಲ ಕಣ್ರೀ! ಅದು ಹುಟ್ಟಿದ ತಿಥಿ!"

"ಹುಟ್ಟಿದ್ದಕ್ಕೆ ತಿಥಿ ಮಾಡೋರ್ನ ನಾ ಎಲ್ಲೂ ಕಂಡಿಲ್ಲ. ಬೆಳಿಗ್ಗೆ ಸಾರಿದ್ದು ಸುಳ್ಳೋ, ಈಗ ಏಳ್ತಿರೋದು ಸುಳ್ಳೋ?"

ಓಬಳಯ್ಯ ಕಂಕುಳಿನ ಡಂಗುರವನ್ನು ಬೆನ್ನಿಗೆ ಸರಿಸಿಕೊಂಡ. ಅಪ್ಪನ ಕಾಲದಿಂದ ಸಾರಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ಒಮ್ಮೆ ತೆಗೆದುಕೊಂಡರೆ ಮುಂದೆ ಅವನ ಡಂಗುರವನ್ನು ಯಾರೂ ನಂಬುವುದಿಲ್ಲ. ಹಿಂದೆಯೇ ಓಡಿಬಂದಿದ್ದ ನರಸಿಂಹಮ್ಮ ಗುಡುಗಿದಳು.

"ಮರ್ವಾದೆ ಮಡಿಕ್ಕಂಡು ಮಗಳ್ನ ಮನೇಲಿ ಕೂರುಸ್ಕಂತೀಯಾ? ಬಾರ್ಸು!"

ಬಾರಿಸಿದ. "ಕೇಳ್ರಪ್ಪೋ! ಬೆಳಿಗ್ಗೆ ಸಾರಿದ್ದು ತಪ್ಪು! ಮಹಾರಾಜ್ರು ಗಟ್ಟಿಮುಟ್ಟಾಗವ್ರೆ! ತಳವಾರನ ನಾಲ್ಗೆ ಸೆಟ್ಕಂಡಿತ್ತು!"

ಊರೆಲ್ಲ ಬಿದ್ದುಬಿದ್ದು ನಕ್ಕಿತು. ಅತ್ತದ್ದು ದಂಡವಾಯಿತೆಂದು ಮುನಿಯಮ್ಮ ಒಬ್ಬಳೇ ಬೈದಳು. ಕದರಪ್ಪ ಬೋಳು ತುಟಿ ಸವರಿಕೊಂಡು, ಕೊನೆಗೆ ತಾನೂ ನಕ್ಕು ಎತ್ತು ಬಿಚ್ಚಿಸಿದ. ಮಾರನೆಯ ದಿನ ಅಂತರಪಟ ಸರಿದಾಗ ಓಬಕ್ಕನಿಗೆ ನಗು ತಡೆಯಲಾಗಲಿಲ್ಲ. ಕಾಟಪ್ಪ ತುಟಿ ಮುಚ್ಚಿಕೊಳ್ಳಲು ಹೋಗಿ ತಾಳಿಯನ್ನೇ ಕೈಬಿಡುವುದರಲ್ಲಿದ್ದ.

ಮದುವೆಯೇನೋ ಉಳಿಯಿತು, ಡಂಗುರ ಉಳಿಯಲಿಲ್ಲ. ಅಂದಿನಿಂದ ಓಬಳಯ್ಯ ಏನು ಸಾರಿದರೂ "ಹುಟ್ಟಿದ್ದೋ ಸತ್ತಿದ್ದೋ?" ಎಂದು ಜಗಲಿಗಳು ಕೇಳುತ್ತಿದ್ದವು. ಅವನೂ ನಗುತ್ತಿದ್ದ. ಮನಸ್ಸು ಮಾತ್ರ ನೋಯುತ್ತಿತ್ತು.

ವರ್ಷಗಳು ಕಳೆದವು. ಒಂದು ಶ್ರಾವಣಕ್ಕೆ ಮೈಸೂರಿನಿಂದ ನಿಜವಾದ ಸುದ್ದಿಯೇ ಬಂತು. ಓಬಳಯ್ಯ ಬಾರಿಸಿ ಸಾರಿದ. "ನಮ್ಮ ಮಹಾರಾಜ್ರು ಓಗ್ಬುಟ್ರು."

"ಸರ್ಯಾಗಿ ಕೇಳ್ಕಂಡ್ ಬಾ ಓಗಯ್ಯ!" ಬೀದಿಯೆಲ್ಲ ಗೊಳ್ಳೆಂದಿತು. ಅವನು ಮತ್ತೆ ಸಾರಿದ, ಮತ್ತೆ ನಕ್ಕರು. ಮೂರನೆಯ ಸಲಕ್ಕೆ ಡಂಗುರವನ್ನು ನೆಲಕ್ಕಿಟ್ಟ.

ಮಾವನ ಮನೆಗೆ ಬಂದಿದ್ದ ಕಾಟಪ್ಪ ಜಗಲಿಯಿಂದ ಇಳಿದ. ಆ ಹೊತ್ತಿಗೆ ಅವನ ಮೀಸೆ ಪೊದೆಯಾಗಿ ಬೆಳೆದಿತ್ತು. ಮಾವನ ಮುಖ ಒಮ್ಮೆ ನೋಡಿದ. ಒಂದು ಮಾತೂ ಕೇಳದೆ ಗಂಗಹನುಮಯ್ಯನ ಮುಂದೆ ಹೋಗಿ ಕೂತು ತುಟಿ ಒಡ್ಡಿದ.

ನಗು ನಿಂತಿತು. ಮುನಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡಸರು ಒಬ್ಬೊಬ್ಬರಾಗಿ ಬಂದು ಕಾಟಪ್ಪನ ಹಿಂದೆ ಕೂತರು.