ಸೋಲಾರ್ ಹಾಳೆಗೆ ಭಂಡಾರ

ನಮ್ಮ ಪ್ರಬುದ್ಧ ಸರ್ ಅವರ ಬಾಯಿ ಸುಮ್ಮನಿರುವಂಥದ್ದಲ್ಲ. ಕಂಪನಿಯ ಒಡೆಯರೂ ಅವರೇ, ಊರೂರು ತಿರುಗಿ ಮಾಲು ಮಾರುವವರೂ ಅವರೇ. ನವನಗರದ ಶೆಡ್ಡಿನಲ್ಲಿ ನಾವು ಸೋಲಾರ್ ಹಾಳೆ ಮಾಡುತ್ತೇವೆ. ಗಾಜಿನ ಪ್ಯಾನೆಲ್ ಅಲ್ಲ. ತೆಳ್ಳಗಿನ ಪ್ಲಾಸ್ಟಿಕ್ಕಿನ ಮೇಲೆ ಅದಕ್ಕಿಂತ ತೆಳುವಾದ ಕಪ್ಪು ಲೇಪ. ಬಿಸಿಲಿಗೆ ಹಾಸಿದರೆ ಕರೆಂಟು, ಸುತ್ತಿದರೆ ಚಾಪೆ. ಲೇಪ ಹಚ್ಚುವ ಯಂತ್ರ ನನ್ನದು. ಅದರ ಹತ್ತಿರ ಯಾರಾದರೂ ಚಹಾ ಹಿಡಿದು ಬಂದರೆ ನಾನು ಮನುಷ್ಯಳಾಗಿ ಉಳಿಯುವುದಿಲ್ಲ.

ಹಾಳೆಯೇನೋ ಚೆನ್ನಾಗಿತ್ತು, ಕೊಳ್ಳುವವರೇ ಇರಲಿಲ್ಲ. ಕೊನೆಗೆ ಗುಡೂರಿನ ಕುರಿಗಾರರ ಸಂಘದ ಅಧ್ಯಕ್ಷ ಲಕ್ಷ್ಮಪ್ಪ, "ಒಬ್ಬರಿಗೆ ಕೊಟ್ಟ ನೋಡ್ರಿ. ಅಡವ್ಯಾಗ ಫೋನು, ಬ್ಯಾಟ್ರಿ ಚಾರ್ಜ್ ಆದ್ರ ಎಲ್ಲಾರಿಗೂ ತೊಗೊಳ್ತೇವಿ" ಎಂದರು. ಇದೂ ಕೈತಪ್ಪಿದರೆ ಶೆಡ್ಡಿಗೆ ಬೀಗ ಎಂದು ಸರ್ ನನಗೆ ಹೇಳಿಬಿಟ್ಟಿದ್ದರು. ಯಂತ್ರದ ಸದ್ದು ನಿಂತ ಶೆಡ್ಡನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

ಸರ್ ಗುಡೂರಿಗೆ ಹೋಗಿ ಹನಮವ್ವ ಎಂಬ ಕುರಿಗಾರ ಅಜ್ಜಿಗೆ ಹಾಳೆ ಕೊಟ್ಟರು. ಕೊಟ್ಟು ಸುಮ್ಮನೆ ಬರಬಾರದೆ? "ಇದನ್ನ ಹೊಸಾ ಕಂಬಳಿ ಅಂತ ತಿಳ್ಕೋ ಯವ್ವಾ. ಹೆಗಲ ಮ್ಯಾಲ ಹಾಕ್ಕೊಂಡು ಹೋಗು, ಬೇಕಾದಲ್ಲಿ ಹಾಸು" ಎಂದು ಭಾಷಣ ಬಿಗಿದು ಬಂದರು.

ಮರುವಾರ ಲಕ್ಷ್ಮಪ್ಪನವರ ಜೊತೆ ಪರೀಕ್ಷೆಗೆ ಹೋದೆವು. ಹಾಳೆಗೆ ಜೋಡಿಸಿದ ಬ್ಯಾಟರಿ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿದರೆ ನಾವು ಗೆದ್ದಂತೆ. ಹನಮವ್ವನ ಅಂಗಳದಲ್ಲಿ ಸುಡು ಬಿಸಿಲು, ದೀಪ ಮಾತ್ರ ಹತ್ತಿಲ್ಲ. ಹಾಳೆಯನ್ನು ನೋಡಿದರೆ ಕಪ್ಪೇ ಕಾಣುತ್ತಿಲ್ಲ. ಅಂಚಿನಿಂದ ಅಂಚಿನವರೆಗೆ ದಪ್ಪಗೆ ಅರಿಶಿನ!

"ಏನವ್ವಾ ಇದು?" ಎಂದೆ.

"ಭಂಡಾರ. ಹೊಸಾ ಕಂಬಳಿ ಬಂದ್ರ ಮೊದಲ ನಮ್ಮ ದೇವರು ಬೀರಪ್ಪಗ ಮುಟ್ಟಿಸಿ ಭಂಡಾರ ಹಾಕ್ತೇವಿ. ನಿಮ್ಮ ಸಾಹೇಬ್ರ ಕಂಬಳಿ ಅಂದ್ರಲ್ಲ ತಂಗಿ?"

ನಾನು ಸರ್ ಮುಖ ನೋಡಿದೆ. ಅವರು ಆಕಾಶ ನೋಡಿದರು. ಆಮೇಲೆ ಮೆಲ್ಲಗೆ ಕರವಸ್ತ್ರ ತೆಗೆದು ಬಗ್ಗಿದರು.

"ದೇವರ ಭಂಡಾರ ಅರಿವಿಲೆ ಒರಸ್ತೀರೇನ್ರಿ?" ಹನಮವ್ವ ಅಡ್ಡ ನಿಂತಳು. ಲಕ್ಷ್ಮಪ್ಪನವರು ಆಗಲೇ ಚಪ್ಪಲಿ ಬಿಟ್ಟು ಹಾಳೆಗೆ ಕೈ ಮುಗಿಯುತ್ತಿದ್ದರು. "ಅರಿವಿ ಕಿಸೆದಾಗ ಇಡ್ರಿ ಸರ" ಎಂದರು.

"ನೀರು ಹಾಕಲೇನ್ರಿ?" ಸರ್ ಕೇಳಿದರು.

"ನೆಲಕ್ಕ ಹರದು ಮಂದಿ ಕಾಲಾಗ ಬರ್ಲೇನು?" ಎಂದಳು ಹನಮವ್ವ.

ನನಗೆ ಸಿಟ್ಟು ನೆತ್ತಿಗೇರಿತು. "ಒರಸಬಾರದು, ತೊಳೀಬಾರದು. ಹಂಗಾದ್ರ ಈ ಭಂಡಾರ ಎಲ್ಲಿಗೆ ಹೋಗಬೇಕವ್ವಾ?"

"ಎಲ್ಲಿಗೆ ಅಂದ್ರ? ಹಣಿಗೆ."

ಸಿಟ್ಟು ಅಲ್ಲೇ ಇಳಿಯಿತು. ಅಂಗೈ ತುಂಬ ಬಳಿದುಕೊಂಡು ನನ್ನ ಹಣೆಗೆ ಹಚ್ಚಿದೆ, ಸರ್ ಹಣೆಗೆ ಕಿವಿಯವರೆಗೂ ಮೆತ್ತಿದೆ. ಲಕ್ಷ್ಮಪ್ಪನವರು ಭಕ್ತಿಯಿಂದ ತಲೆ ಬಾಗಿಸಿದರು. ಹನಮವ್ವ ಓಣಿಗೆಲ್ಲ ಕೂಗು ಹಾಕಿದಳು. ನೀರು ತರಲು ಹೊರಟವರು ಕೊಡ ಇಳಿಸಿ ಬಂದರು, ಹಾಲಿನ ಗಾಡಿಯವನು ಗಾಡಿ ನಿಲ್ಲಿಸಿ ಬಂದ. ಅಷ್ಟಾದರೂ ಮೂಲೆಯೊಂದು ಹಳದಿಯಾಗಿಯೇ ಉಳಿಯಿತು. ಹಚ್ಚಲು ಜನ ಉಳಿದಿರಲಿಲ್ಲ. ಹನಮವ್ವ ಹಟ್ಟಿಯ ಬಾಗಿಲು ತೆಗೆದು ಕುರಿಗಳನ್ನು ಒಂದೊಂದಾಗಿ ಬಿಟ್ಟಳು. ನಾನು ಅವುಗಳ ಹಣೆಗೂ ಹಚ್ಚುತ್ತ ಹೋದೆ. ಕೊನೆಯ ಟಗರು ನನ್ನನ್ನು ಗುದ್ದಿ ಕೆಡವಿತು. ಬಿದ್ದಲ್ಲಿಂದಲೇ ಪೆಟ್ಟಿಗೆಯ ಕಡೆ ನೋಡಿದೆ. ಹಸಿರು ದೀಪ ಹತ್ತಿತ್ತು.

"ಎಲ್ಲಾರಿಗೂ ಕಳಸ್ರಿ" ಎಂದರು ಲಕ್ಷ್ಮಪ್ಪ. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಆಗಲಾದರೂ ಸರ್ ಸುಮ್ಮನಿದ್ದರೆ? "ಯವ್ವಾ, ಮುಂದಿನ ಹಾಳಿಗೆಲ್ಲ ಭಂಡಾರ ಹಾಕಬ್ಯಾಡ್ರಿ" ಎಂದು ಕೈ ಮುಗಿದರು.

ಹನಮವ್ವ ಅವರ ಹಳದಿ ಮೋರೆಯನ್ನೇ ನೋಡಿ ನಕ್ಕಳು. "ಹಾಕದ ಬಿಡಾಂಗಿಲ್ರಿ ಸಾಹೇಬ್ರ. ನಮ್ಮೂರಾಗ ಹಣಿಗೇನ ಬರ ಐತೇನು?"