ಕನೆಕ್ಟರ್ ಕೂತ ಸದ್ದು

ಎಂಜಿನ್ ನಿಂತುಹೋಯಿತು. ಬಾನೆಟ್ಟಿನೊಳಗೆ ಕಾದ ಕಬ್ಬಿಣ ತಣಿಯುವ ಟಿಕ್ ಟಿಕ್ ಮಾತ್ರ ಉಳಿಯಿತು. ಶವದ ವ್ಯಾನಿನ ಮುಂದಿನ ಸೀಟಿನಲ್ಲಿದ್ದ ಅವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಹಿಂದೆ, ಬಿಳಿ ಬಟ್ಟೆಯಡಿ, ಗಂಡ ಮಲಗಿದ್ದ.

ಡ್ರೈವರ್ ಕೀ ತಿರುಗಿಸಿದ. ಎಂಜಿನ್ ಗೊರಗುಟ್ಟಿತೇ ಹೊರತು ಹತ್ತಲಿಲ್ಲ. ಸ್ಟೀರಿಂಗ್ ಎದುರಿಗೆ, ಎಂಜಿನ್ ಕೆಟ್ಟಿದೆ ಎನ್ನುವ ಹಳದಿ ದೀಪ ಉರಿಯುತ್ತಲೇ ಇತ್ತು.

“ಹೋದ ವಾರ ತಾನೇ ನಿಮ್ಮ ಯಜಮಾನ್ರು ಇದನ್ನ ಸರಿ ಮಾಡ್ಕೊಟ್ಟಿದ್ದು...” ಅಂದವನು ನಾಲಿಗೆ ಕಚ್ಚಿಕೊಂಡ.

ಹಿಂದಿನ ಕಾರುಗಳಿಂದ ಜನ ಇಳಿದರು. ಹೆಚ್ಚಿನವರು ಅವಳ ಗಂಡನ ಗಿರಾಕಿಗಳೇ. ಅವನು ಮುಟ್ಟಿದ ಗಾಡಿ ತಿರುಗಿ ರಿಪೇರಿ ಷೆಡ್ಡಿಗೆ ಬಂದದ್ದಿಲ್ಲ ಎಂದು ಬೆಳಗಿನಿಂದ ಹೇಳುತ್ತಿದ್ದವರು.

“ಭಾವಂಗೆ ಹೋಗೋಕೆ ಮನಸ್ಸಿಲ್ಲ ಕಣಕ್ಕ,” ಎಂದ ಅವಳ ತಮ್ಮ, ನಗಲೂ ಆಗದೆ ಅಳಲೂ ಆಗದೆ.

ಷೆಡ್ಡಿನ ಪಾಲುದಾರ, ಎಲ್ಲರ ಬಾಯಲ್ಲಿ ಕುಳ್ಳ, ಸ್ಟೀರಿಂಗ್ ಕೆಳಗೆ ದೋಷ ತೋರಿಸುವ ಸ್ಕ್ಯಾನರ್ ಸಿಕ್ಕಿಸಿದ. “ಕ್ರ್ಯಾಂಕ್ ಸೆನ್ಸರ್ ಕೋಡು. ಎಂಜಿನ್ ತಿರುಗ್ತಿದೆ ಅಂತ ಅದು ಹೇಳ್ಬೇಕು, ಅಲ್ಲಿಂದ ಸುದ್ದಿನೇ ಬರ್ತಿಲ್ಲ.”

“ಹೊಸದು ಹಾಕಿದ್ರಲ್ಲ? ಅದೂ ಕೆಟ್ಟೋಯ್ತಾ?” ಡ್ರೈವರ್ ಕೇಳಿದ.

“ಕೋಡು ಏನು ಕೆಟ್ಟಿದೆ ಅಂತ ಹೇಳಲ್ಲಪ್ಪ, ಎಲ್ಲಿ ಹುಡುಕು ಅಂತ ಹೇಳುತ್ತೆ. ಅವನೇ ನಂಗೆ ಕಲಿಸಿದ್ದು. ತಾಳು, ಟಾರ್ಚ್ ತರ್ತೀನಿ. ಮೊದಲು ತಂತಿ ಸೇರೋ ಕನೆಕ್ಟರ್ ನೋಡ್ಬೇಕು.”

ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು.

*

ಗಂಡನ ಕಿವಿ ಮಂದವಾದದ್ದು ಅವಳೊಬ್ಬಳಿಗೇ ಗೊತ್ತಿತ್ತು.

“ಕಿವುಡ ಮೆಕ್ಯಾನಿಕ್ ಹತ್ರ ಯಾರು ಬರ್ತಾರೆ? ಕುಳ್ಳನಿಗೂ ಹೇಳ್ಬೇಡ,” ಎಂದಿದ್ದ.

ಸಂಜೆ ಕುಳ್ಳ ಹೊರಟ ಮೇಲೆ ಅವಳು ಊಟದ ಡಬ್ಬಿ ಹಿಡಿದು ಷೆಡ್ಡಿಗೆ ಹೋಗುತ್ತಿದ್ದಳು. ಕಣ್ಣಿಗೆ ಕಾಣದ ಸಂದಿಯಲ್ಲಿ ಅವನು ಕನೆಕ್ಟರ್ ಒತ್ತುತ್ತಿದ್ದ. ಜಡ್ಡುಗಟ್ಟಿದ ಬೆರಳಿಗೆ ಅದು ಕೂತದ್ದು ತಿಳಿಯುತ್ತಿರಲಿಲ್ಲ, ಕೂತಾಗಿನ ಸದ್ದು ಕಿವಿಗೆ ಬೀಳುತ್ತಿರಲಿಲ್ಲ.

“ಟಕ್ ಅಂತಾ?”

“ಇಲ್ಲ. ಇನ್ನೊಂಚೂರು.”

“ಈಗ?”

“ಹ್ಞೂಂ, ಅಂತು.”

“ಸಂಬಳ ಇಲ್ಲದ ಕಿವಿ ಕಣೆ ನೀನು,” ಎಂದು ನಗುತ್ತಿದ್ದ.

ಹೋದ ವಾರ ಅವಳಿಗೆ ಜ್ವರ. “ಒಂದಿನ ನಾನೇ ಸುಧಾರಿಸ್ತೀನಿ, ಮಲಕೋ,” ಎಂದು ಈ ವ್ಯಾನ್ ಸರಿಮಾಡಲು ಒಬ್ಬನೇ ಹೋಗಿದ್ದ.

*

ಕುಳ್ಳ ಬಾನೆಟ್ ತೆರೆದಿಟ್ಟು, ಟಾರ್ಚಿಗಾಗಿ ತನ್ನ ಕಾರಿನ ಡಿಕ್ಕಿಯಲ್ಲಿ ತಡಕಾಡುತ್ತಿದ್ದ. ತಮ್ಮ ಬೇರೆ ವ್ಯಾನಿಗೆ ಫೋನ್ ಮಾಡುತ್ತಿದ್ದ. ಅವಳು ಇಳಿದು, ತೆರೆದ ಬಾನೆಟ್ಟಿನೊಳಗೆ ಮೊಣಕೈವರೆಗೂ ಕೈ ಇಳಿಸಿದಳು. ಪೈಪು ಸುರ್ರೆಂದು ಸುಟ್ಟಿತು. ಗಂಡ ಕೈ ಇಳಿಸುತ್ತಿದ್ದಂಥ ಸಂದಿಯಲ್ಲೇ ತಂತಿ ಸಿಕ್ಕಿತು. ಅದರ ತುದಿಯಲ್ಲಿ ಅರ್ಧ ಕೂತ ಕನೆಕ್ಟರ್.

ಒತ್ತಿದಳು. ಇಲ್ಲ.

ಡಿಕ್ಕಿ ಮುಚ್ಚಿದ ಸದ್ದು. ಹೆಜ್ಜೆಗಳು ಹತ್ತಿರ ಬಂದವು. ಇನ್ನೊಂಚೂರು.

ಟಕ್.

“ಅತ್ತಿಗೆ? ಏನ್ಮಾಡ್ತಿದ್ದೀರಿ?”

“ಏನಿಲ್ಲ. ಅವರು ಕೊನೇಲಿ ಮುಟ್ಟಿದ ಗಾಡಿ. ಮುಟ್ಟೋಣ ಅನ್ನಿಸ್ತು.”

ಕುಳ್ಳ ಬಗ್ಗಿ ಟಾರ್ಚಿನ ಬೆಳಕು ಬಿಟ್ಟ. “ಭದ್ರವಾಗೇ ಇದೆ. ಅವನ ಕೆಲಸ ಅಂದ್ರೆ ಕೇಳ್ಬೇಕಾ! ಇನ್ನೊಂದ್ಸಲ ಕೀ ತಿರುಗ್ಸಪ್ಪ.”

ಎಂಜಿನ್ ಹತ್ತಿತು.

“ನೋಡಿದ್ರಾ, ಹೆಂಡ್ತಿ ಬಂದು ಗದರಿದ್ಮೇಲೇ ಹೊರಟ!” ಯಾರೋ ಅಂದರು. ಜನ ಕಣ್ಣೊರೆಸಿಕೊಂಡು ನಕ್ಕರು.

ಕುಳ್ಳ ನಗಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದ. “ಅತ್ತಿಗೆ, ಕೈ ಹಾಕಿದಾಗ ಏನಾದ್ರೂ ಸದ್ದು ಕೇಳಿಸ್ತಾ?”

ಇವನಿಗೂ ಹೇಳುವುದಿಲ್ಲ, ಎಂದುಕೊಂಡಳು. ಯಾರಿಗೂ ಇಲ್ಲ.

“ಏನೂ ಕೇಳಿಸ್ಲಿಲ್ಲ.”

ಅವನು ಸ್ಕ್ಯಾನರಿನ ಗುಂಡಿ ಒತ್ತಿದ. “ಕೋಡು ಅಳಿಸಿದೀನಿ. ಇನ್ನು ಯಾರು ನೋಡಿದ್ರೂ ಏನೂ ಕಾಣಲ್ಲ.”

ಹಳದಿ ದೀಪ ಆರಿತು. ಅವಳು ಸೀಟಿನಲ್ಲಿ ಕೂತು, ಸುಟ್ಟ, ಗ್ರೀಸಿನಿಂದ ಕಪ್ಪಾದ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.