ಶೋಕೇಸಿನ ಕಾರುಗಳು

"ಇದನ್ನ ಮಾಡೋವಾಗ ನಾನು ಆರನೇ ಕ್ಲಾಸು," ಎಂದ ತಮ್ಮ. ಗಾಜಿನ ಬಾಗಿಲು ಸರಿಸಿ ನೀಲಿ ಕಾರೊಂದನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದ. "ಆಗೆಲ್ಲ ಫೋನ್ ಎಲ್ಲಿತ್ತು? ಕೂತೆ ಅಂದ್ರೆ ಊಟ ತಿಂಡಿ ನೆನಪಿರ್ತಿರ್ಲಿಲ್ಲ. ಒಂದೊಂದು ತುಂಡೂ ಈ ಕೈಯಲ್ಲೇ ಅಂಟಿಸಿದ್ದು."

ಅವನ ಆಫೀಸಿನವರು ಕತ್ತು ಚಾಚಿ ನೋಡಿದರು. ಒಬ್ಬರು ಕನ್ನಡಕ ಹಣೆಗೇರಿಸಿ, ಇದರ ಬಾಗಿಲೂ ತೆರೆಯುತ್ತೇನ್ರೀ ಎಂದು ಕೇಳಿದರು. ತಮ್ಮ ಉಗುರಿನಿಂದ ಮೀಟಿ ಬಾಗಿಲು ತೆರೆದು ತೋರಿಸಿದ. ಹೊಸ ಮನೆಯ ಹಾಲಿನಲ್ಲಿ ಮೆಚ್ಚುಗೆಯ ಸದ್ದು ಎದ್ದಿತು.

ಅವರೆಲ್ಲರ ಹಿಂದೆ ಜ್ಯೂಸಿನ ಲೋಟ ಹಿಡಿದು ನಿಂತಿದ್ದ ಅಕ್ಕನಿಗೆ ಮೊದಲು ಬಂದದ್ದು ಕೋಪವಲ್ಲ, ಆಶ್ಚರ್ಯ. ಹಳೆ ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗಿರುತ್ತವೆ ಅಂದುಕೊಂಡಿದ್ದ ಕಾರುಗಳು ಒಂದೂ ಬಿಡದೆ, ಒಳಗೆ ಪುಟ್ಟ ಪುಟ್ಟ ದೀಪ ಹಾಕಿದ ಶೋಕೇಸಿನಲ್ಲಿ ಸಾಲಾಗಿ ನಿಂತಿದ್ದವು. ಹಳದಿ ವ್ಯಾನು, ಮೇಲ್ಛಾವಣಿ ಇಲ್ಲದ ಕೆಂಪು ಕಾರು, ಒಂದು ದೀಪ ಸೊಟ್ಟಗಿದ್ದ ಕಪ್ಪು ಕಾರು. ಅದು ಯಾಕೆ ಸೊಟ್ಟಗಾಯಿತು ಎಂಬುದೂ ಅವಳಿಗೆ ಗೊತ್ತಿತ್ತು. ಅಂಟು ಒಣಗುವ ಮೊದಲೇ ಅಮ್ಮ ಊಟಕ್ಕೆ ಕರೆದಿದ್ದಳು.

"ಆರನೇ ಕ್ಲಾಸಲ್ಲಿ ಇದ್ದದ್ದು ನಾನು," ಎಂದಳು. "ನೀನಾಗ ಇನ್ನೂ ಸ್ಲೇಟು ಒರೆಸ್ತಿದ್ದೆ."

ಜನ ನಕ್ಕರು. ಅಕ್ಕ ತಮ್ಮನ ಸರಸ ಅಂದುಕೊಂಡರು. ತಮ್ಮನೂ ನಕ್ಕ. ಸೋಫಾದ ಮೂಲೆಯಲ್ಲಿ ಕೂತಿದ್ದ ಅಪ್ಪ ಮಾತ್ರ ನಗಲಿಲ್ಲ. ಅವಳ ಮುಖ ನೋಡಿಕೊಂಡೇ, "ಅವನೇ ಮಾಡಿದ್ದು. ಅವನ ಕೈ ಮೊದಲಿಂದ್ಲೂ ಸೂಕ್ಷ್ಮ," ಎಂದರು.

ಅವಳು ಲೋಟ ಕೆಳಗಿಟ್ಟಳು. ಇಬ್ಬರ ನಡುವೆ ತೂರಿ ಮುಂದೆ ಹೋಗಿ, ಕೆಂಪು ಕಾರನ್ನು ಎತ್ತಿ, ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಊಟಕ್ಕೂ ನಿಲ್ಲದೆ ಹೊರಟುಬಿಟ್ಟಳು.

ಆ ಕಾರುಗಳನ್ನು ತಂದುಕೊಟ್ಟವನು ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಸೋದರಮಾವ. ರಜೆಗೆ ಬಂದಾಗಲೆಲ್ಲ ಅವಳ ಕೈಗೆ ಒಂದು ಡಬ್ಬಿ ಇಡುತ್ತಿದ್ದ. ಡಬ್ಬಿಯ ಮೇಲೆ ಕಾರಿನ ಚಿತ್ರ, ಒಳಗೆ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡ ನೂರೆಂಟು ಚೂರುಗಳು. ಬ್ಲೇಡಿನಿಂದ ಒಂದೊಂದನ್ನೇ ಬಿಡಿಸಿ, ಅಂಚು ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ಶಾಲೆಯಿಂದ ಬಂದವಳು ಮಂಚದ ಕೆಳಗೆ ಹಳೆ ಪೇಪರು ಹಾಸಿಕೊಂಡು ಕೂತರೆ ಮನೆಯಲ್ಲಿ ಒಂದು ಹೆಣ್ಣು ಮಗುವಿದೆ ಎಂಬುದೇ ಎಲ್ಲರಿಗೂ ಮರೆತುಹೋಗುತ್ತಿತ್ತು. ಪುಟ್ಟ ತಮ್ಮ ಪಕ್ಕದಲ್ಲೇ ಮೊಣಕಾಲೂರಿ ಉಸಿರು ಬಿಗಿಹಿಡಿದು ನೋಡುತ್ತಿದ್ದ.

ಒಂದು ದಿನ ಅವಳು ನೀರು ಕುಡಿಯಲು ಎದ್ದಾಗ ತಮ್ಮ ಬ್ಲೇಡು ಹಿಡಿದು ಹೆಬ್ಬೆರಳು ಕೊಯ್ದುಕೊಂಡ. ರಕ್ತ ನೋಡಿ ಮನೆಯವರೆಲ್ಲ ಓಡಿಬಂದರು. ಅಪ್ಪ ಮೊದಲು ಅವಳ ಕೆನ್ನೆಗೆ ಬಾರಿಸಿ, ಆಮೇಲೆ ಮಗನ ಬೆರಳಿಗೆ ಬಟ್ಟೆ ಕಟ್ಟಿದರು. ಡಬ್ಬಿ, ಅಂಟು, ಬ್ರಶ್ಶು ಎಲ್ಲ ಬೀರುವಿನ ಮೇಲೆ ಹೋದವು. ಮುಂದಿನ ಸಲ ಮಾವ ತಂದ ಡಬ್ಬಿಯನ್ನು ಅಪ್ಪ ತಮ್ಮನ ಕೈಗೆ ಕೊಟ್ಟರು. ಅವನು ಅದನ್ನು ಬಿಚ್ಚಲೇ ಇಲ್ಲ. ಮಾವ ಡಬ್ಬಿ ತರುವುದನ್ನು ನಿಲ್ಲಿಸಿದ.

ಮುಂದೆ ಅವಳು ಕಲಿತದ್ದು ಹಲ್ಲು ಕಟ್ಟುವ ಕೆಲಸ. ಡಾಕ್ಟರು ಕಳಿಸಿದ ಅಚ್ಚಿಗೆ ಮೇಣದಲ್ಲಿ ವಸಡು ಮಾಡಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುತ್ತಿದ್ದಳು. ಊರಿನ ಎಷ್ಟು ಮುದುಕರು ಅವಳ ಹಲ್ಲಿನಲ್ಲಿ ನಗುತ್ತಿದ್ದರೋ, ಅವರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅದರ ಬಗ್ಗೆ ಅವಳಿಗೆ ಯಾವತ್ತೂ ಬೇಸರವಾಗಿರಲಿಲ್ಲ. ಆ ಹಲ್ಲುಗಳನ್ನು ಮಾಡಿದ್ದು ತಮ್ಮ ಎಂದು ಯಾರೂ ಹೇಳಿರಲಿಲ್ಲ.

ಕೆಂಪು ಕಾರು ತಂದ ಮಾರನೆಯ ಸಂಜೆ ಹಲ್ಲಿನ ಲ್ಯಾಬಿನಿಂದ ನೇರ ಆಟದ ಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯವನು ಮೇಲಿನ ಅಟ್ಟದಿಂದ ಧೂಳು ಕೊಡವಿ ಕಾರಿನ ಚಿತ್ರವಿದ್ದ ಒಂದು ಡಬ್ಬಿ ಇಳಿಸಿದ.

"ಮಗನಿಗಾ ಮೇಡಂ? ಗಿಫ್ಟ್ ಪ್ಯಾಕ್ ಮಾಡ್ಲಾ?"

"ನನಗೆ."

"ಬಣ್ಣದ ಕಾಗದ ಫ್ರೀ ಮೇಡಂ."

"ಬಿಚ್ಚೋಳೂ ನಾನೇ ಕಣಪ್ಪ. ಸುಮ್ನೆ ಯಾಕೆ ಸುತ್ತಿ ಬಿಚ್ಚೋ ಕೆಲಸ?"

ಮನೆಗೆ ಬಂದು ಊಟದ ಮೇಜಿನ ಅರ್ಧಭಾಗ ಆಕ್ರಮಿಸಿಕೊಂಡಳು. ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದ ಗಂಡ ತನ್ನ ತಟ್ಟೆಯನ್ನು ಇನ್ನರ್ಧಕ್ಕೆ ಎಳೆದುಕೊಂಡು, "ಗಡಿ ಇಲ್ಲೇನಾ, ಇನ್ನೂ ಈ ಕಡೆ ಬರುತ್ತಾ?" ಎಂದ. ಅವಳು ನಗಲಿಲ್ಲ. ಅವನೂ ಮತ್ತೆ ಕೆಣಕಲಿಲ್ಲ.

ಕೈಗೆ ಕೆಲಸ ಕೊಟ್ಟರೆ ಕೋಪ ಇಳಿಯುತ್ತದೆ ಅಂದುಕೊಂಡಿದ್ದಳು. ಇಳಿಯಲಿಲ್ಲ. ಮೊದಲ ದಿನವೇ ಚಕ್ರದ ದಂಡ ಲಟಕ್ಕನೆ ಮುರಿಯಿತು, ಅದನ್ನು ಬೈದುಕೊಂಡೇ ಅಂಟಿಸಿದಳು. ಆದರೆ ಬಾನೆಟ್ಟಿನ ಅಂಚು ಉಜ್ಜತೊಡಗಿದಾಗ ಬೆರಳುಗಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಅಲ್ಲೇ ಇತ್ತು. ಅದು ಅಲ್ಲೇ ಇತ್ತೆನ್ನುವುದೇ ಅವಳ ಹೊಟ್ಟೆ ಉರಿಸಿತು. ಇಷ್ಟು ವರ್ಷ ಇದನ್ನು ಒಳಗಿಟ್ಟುಕೊಂಡು ತಿರುಗಿದ್ದೆನಲ್ಲ, ಒಂದೇ ಒಂದು ಡಬ್ಬಿ ಕೊಳ್ಳಬಹುದು ಎಂದು ಹೊಳೆಯಲೇ ಇಲ್ಲವಲ್ಲ. ಅಪ್ಪನ ಮೇಲಿನ ಸಿಟ್ಟು ತನ್ನ ಮೇಲೂ ತಿರುಗಿ, ಉಜ್ಜುವ ಕಾಗದ ಹರಿಯುವಷ್ಟು ಉಜ್ಜಿದಳು.

ಭಾನುವಾರ ಬೆಳಿಗ್ಗೆ ತಮ್ಮ ಬಂದ. ಗಂಡ ತರಕಾರಿಯ ನೆಪ ಹೇಳಿ ಚೀಲ ಹಿಡಿದು ಹೊರಬಿದ್ದ.

"ಅಕ್ಕಾ, ಕಾರು ಕೊಡು. ಶೋಕೇಸಲ್ಲಿ ಆ ಜಾಗ ಹಲ್ಲು ಬಿದ್ದ ಹಾಗೆ ಕಾಣುತ್ತೆ."

"ಹಲ್ಲು ಬೇಕಿದ್ರೆ ಕಟ್ಟಿಕೊಡ್ತೀನಿ. ಕಾರು ನಂದು."

"ಅವತ್ತೂ ಇದನ್ನೇ ಅಂದೆ. ನಾನ್ಯಾಕೆ ಸುಳ್ಳು ಹೇಳ್ಲಿ ಹೇಳು? ಮಾಡಿದ್ದು ನಂಗೆ ನೆನಪಿದೆ. ಮಂಚದ ಕೆಳಗೆ ಪೇಪರ್ ಹಾಸ್ಕೊಂಡು... ಆ ಅಂಟಿನ ವಾಸನೆ... ನೋಡು, ಬ್ಲೇಡ್ ತಾಗಿದ ಗುರುತು ಇನ್ನೂ ಇದೆ." ಹೆಬ್ಬೆರಳು ಮುಂದೆ ಹಿಡಿದ.

ಅವಳು ಅವನ ಮುಖವನ್ನೇ ನೋಡಿದಳು. ಅಲ್ಲಿ ಕಳ್ಳತನವಿರಲಿಲ್ಲ. ಅವನು ನಂಬಿದ್ದ. ಕಳ್ಳನಾಗಿದ್ದರೆ ಕತ್ತಿನಪಟ್ಟಿ ಹಿಡಿಯಬಹುದಿತ್ತು.

"ಆ ಗುರುತಿಗೆ ಏಟು ತಿಂದೋಳು ನಾನು," ಎಂದಳು. "ಫೋನ್ ಹಚ್ಚು ಅಪ್ಪಂಗೆ. ಜೋರಾಗಿ ಕೇಳೋ ಹಾಗೆ ಇಡು."

ಫೋನು ಮೇಜಿನ ಮೇಲೆ, ಬಣ್ಣದ ಡಬ್ಬಿಗಳ ನಡುವೆ ಕೂತಿತು. ಅವಳು ನೇರ ಕೇಳಿದಳು. "ಅಪ್ಪಾ, ಆ ಕಾರುಗಳನ್ನ ಮಾಡಿದ್ದು ಯಾರು? ಇಲ್ಲಿ ನಾವಿಬ್ರೇ ಇರೋದು. ನಿಜ ಹೇಳಿ."

ಆ ಕಡೆ ಅಪ್ಪನ ಬೇಸತ್ತ ದನಿ. "ಯಾರು ಮಾಡಿದ್ರೇನಮ್ಮ ಈಗ? ನೀನೇ ಮಾಡಿದ್ದೆ, ಆಯ್ತಾ. ಇವನು ಓದಲ್ಲಿ ಹಿಂದೆ, ಆಟದಲ್ಲಿ ಹಿಂದೆ. ಬಂದೋರ ಮುಂದೆ ಹುಡುಗನಿಗೆ ಒಂದು ಹೆಸರಿರ್ಲಿ ಅಂತ ಹೇಳ್ದೆ. ಹೇಳ್ತಾ ಹೇಳ್ತಾ ಅವನೂ ನಂಬಿದ, ಧೈರ್ಯವಾಗಿ ಮೇಲೆ ಬಂದ. ಇದ್ರಿಂದ ಯಾರ ಗಂಟು ಹೋಯ್ತು?"

"ನಂದು ಹೋಯ್ತು," ಎಂದು ಅವಳೇ ಫೋನು ಕಟ್ ಮಾಡಿದಳು.

ತಮ್ಮ ಕುರ್ಚಿ ಎಳೆದುಕೊಂಡು ಕೂತ. ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದ.

"ಹಾಗಾದ್ರೆ ನಾನೇನು ಮಾಡ್ತಿದ್ದೆ ಅಕ್ಕಾ?"

ಅವಳ ನಾಲಿಗೆ ತುದಿಗೆ ಒಂದು ಕೆಟ್ಟ ಮಾತು ಬಂದಿತ್ತು. ನುಂಗಿಕೊಂಡಳು. "ನೋಡ್ತಾ ಕೂರ್ತಿದ್ದೆ. ಚಕ್ರ ಕೊಡು ಅಂದ್ರೆ ಚಕ್ರ ಕೊಡ್ತಿದ್ದೆ."

"ಎಲ್ಲ ಕಾರೂ ನಿನಗೇ ತಂದುಕೊಡ್ತೀನಿ."

"ಅವುಗಳನ್ನ ಇಟ್ಕೊಂಡು ನಾನೇನು ಟ್ಯಾಕ್ಸಿ ಓಡಿಸ್ಲಾ? ಅವತ್ತು ಹಾಲಿನಲ್ಲಿ ಯಾರ ಮುಂದೆ ಹೇಳಿದ್ಯೋ ಅವರ ಮುಂದೇನೇ ಹೇಳು, ಮಾಡಿದ್ದು ಅಕ್ಕ ಅಂತ."

"ಅದು... ಆಫೀಸಿನವರು. ಅವರಿಗೆ ಹೇಗೆ ಹೇಳೋದು?"

"ಬಾಯಿಂದ."

ಅವನು ಮೇಜಿನ ಮೇಲೆ ಅರ್ಧ ಮೈತಳೆದಿದ್ದ ಹೊಸ ಕಾರನ್ನು ನೋಡುತ್ತ ಕೂತ. ಮುಟ್ಟಲು ಕೈ ಮುಂದೆ ಮಾಡಿ, ಹಿಂದಕ್ಕೆ ತೆಗೆದುಕೊಂಡ. ಅವಳು ಯಾವಾಗಲೂ ಅವನು ಬಂದ ಕೂಡಲೇ ಒಲೆ ಹಚ್ಚಿ ಏನಾದರೂ ಬಿಸಿ ಕುಡಿಯಲು ಕೊಡುತ್ತಿದ್ದವಳು. ಈವತ್ತು ಏಳಲಿಲ್ಲ. ಅವನಿಗೂ ಅದು ಅರ್ಥವಾಯಿತು. ಮಾತು ಕೊಡದೆಯೇ ಎದ್ದು ಹೊರಟ. ಬಾಗಿಲ ಬಳಿ ಚಪ್ಪಲಿ ಮೆಟ್ಟಲು ಬಹಳ ಹೊತ್ತು ತೆಗೆದುಕೊಂಡ. ಅವನ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಬೀದಿಯಲ್ಲಿ ಕರಗಿತು.

ಅವಳು ತಕ್ಷಣ ಬ್ರಶ್ಶು ಹಿಡಿಯಲಿಲ್ಲ. ಅಡುಗೆಮನೆಗೆ ಹೋಗಿ ಮುಖ ತೊಳೆದಳು, ನೀರು ಕುಡಿದಳು, ಆಗಲೇ ಒರೆಸಿದ್ದ ಕಟ್ಟೆಯನ್ನು ಮತ್ತೆ ಒರೆಸಿದಳು. ಅವಳ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಅಪ್ಪನೇ ಇರಬೇಕು. ನೋಡಲಿಲ್ಲ. ಆಮೇಲೆ ಬುಟ್ಟಿಯಿಂದ ಒಂದು ಆಲೂಗಡ್ಡೆ ತೆಗೆದು ಎರಡು ಹೋಳು ಮಾಡಿ, ಒಂದು ಹೋಳನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿ ಇಟ್ಟಳು. ಒಂದೊಂದು ಚಕ್ರವನ್ನೂ ಹಲ್ಲುಕಡ್ಡಿಗೆ ಸಿಕ್ಕಿಸಿ ಬಣ್ಣ ಬಳಿದು, ಒಣಗಲೆಂದು ಕಡ್ಡಿಯನ್ನು ಆ ಹೋಳಿಗೆ ಚುಚ್ಚಿದಳು.

ನಾಲ್ಕನೆಯದನ್ನು ಚುಚ್ಚಿ ಕೈ ತೆಗೆಯುವಾಗ ಹೊರಗಿನಿಂದ ಗಾಳಿ ಬಂತು. ಕಡ್ಡಿಯ ತುದಿಯಲ್ಲಿದ್ದ ಹಸಿ ಚಕ್ರವೊಂದು ಬಿಸಿಲಿನಲ್ಲಿ ನಿಧಾನವಾಗಿ ಅರ್ಧ ಸುತ್ತು ತಿರುಗಿ ನಿಂತಿತು.